ಅಂಜಬ್ಯಾಡ, ಇಲ್ಲೇ ಅದೀನಿ

ಭಯವೇ ಇಲ್ಲದ ಮನುಷ್ಯನನ್ನು ನಾವು ಇದುವರೆಗೆ ಕಂಡಿಲ್ಲ. ಹುಲಿಗೆ ಹೆದರದವನು ಹಲ್ಲಿಗೆ ಹೆದರುತ್ತಾನೆ. ಇಡೀ ಶಾಲೆಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಮೇಷ್ಟ್ರು ಚುಚ್ಚುಮದ್ದಿನ ಸೂಜಿ ಕಂಡರೆ ಮುಖ ತಿರುಗಿಸುತ್ತಾರೆ. ಆದರೂ ನಡುವಯಸ್ಸಿನ ನಾವೆಲ್ಲ ಭಯವನ್ನು ಮುಚ್ಚಿಡುವ ವಿದ್ಯೆ ಕಲಿತಿರುತ್ತೇವೆ. ದುಡಿಮೆ, ಸಂಸಾರ, ಸಾಲಸೋಲಗಳ ಗದ್ದಲದಲ್ಲಿ ಅದು ಒಳಗೆಲ್ಲೋ ಅವಿತು ಕೂತಿರುತ್ತದೆ. ಈ ವಿದ್ಯೆ ಬಾರದವರು ಇಬ್ಬರೇ: ಮಕ್ಕಳು ಮತ್ತು ಮುದುಕರು. ಮಗು ರಾತ್ರಿ ಹೆದರಿ ಕೂಗಿದರೆ ಎದ್ದು ಎತ್ತಿಕೊಳ್ಳುತ್ತೇವೆ. ಮನೆಯ ಹಿರಿಯರು ಕೂಗಿದರೆ? ‘ಅರವತ್ತಕ್ಕೆ ಅರಳು ಮರಳು’ ಎಂದು ಮಗ್ಗುಲು ಬದಲಿಸುತ್ತೇವೆ. ಹೀಗೇಕೆ ಎಂದು ಈ ತಿಂಗಳು ನಿಮ್ಮೊಡನೆ ಸ್ವಲ್ಪ ಯೋಚಿಸೋಣವೆನಿಸಿದೆ.

ನಾವು ಹುಟ್ಟಿ ಬೆಳೆದದ್ದು ಮಕ್ತಲ್‌ನಲ್ಲಿ. ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಈ ಮೂರೂ ಊರುಗಳು ಇಂದು ತೆಲಂಗಾಣದ ನಕ್ಷೆಯಲ್ಲಿವೆ. ಆದರೆ ನಮ್ಮಂಥ ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಸಂತೆಯ ಮಾತು ತೆಲುಗು, ಹಳೆಯ ಕಾಗದಪತ್ರಗಳ ಮಾತು ಉರ್ದು. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೊಳೆಯ ಸೇತುವೆ ದಾಟಿದರೆ ರಾಯಚೂರು ಸೀಮೆ. ಹೀಗಾಗಿ ನಮ್ಮ ಬಾಲ್ಯದ ಭಯಗಳಿಗೂ ಒಂದೇ ಭಾಷೆ ಇರಲಿಲ್ಲ. ಕನ್ನಡದ ಗುಮ್ಮ, ತೆಲುಗಿನ ಬೂಚೋಡು, ಉರ್ದುವಿನ ಶೈತಾನ್ ಮೂವರೂ ಸೇರಿ ನಮ್ಮನ್ನು ಅಂಜಿಸುತ್ತಿದ್ದರು. ಊಟ ಮಾಡದಿದ್ದರೆ ಒಬ್ಬ, ಮಧ್ಯಾಹ್ನ ಮಲಗದಿದ್ದರೆ ಇನ್ನೊಬ್ಬ, ಬಾವಿಯ ಕಡೆ ಹೋದರೆ ಮತ್ತೊಬ್ಬ!

ಕೃಷ್ಣಾ ನದಿಯ ದಂಡೆಯ ಮುದುಮಾಲ್ ಕಡೆ ಹೊರಟಾಗಲಂತೂ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಬಯಲಿನಲ್ಲಿ 10ರಿಂದ 14 ಅಡಿ ಎತ್ತರದ ಕಲ್ಲುಗಳು ಸಾಲಾಗಿ ನಿಂತಿವೆ. ಅವೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದವು, ಶಾಪ ತಗಲಿ ಕಲ್ಲಾದವು ಎಂದು ಹಿರಿಯರು ಹೇಳುತ್ತಿದ್ದರು. ಸಂಜೆಯಾದರೆ ಅವುಗಳ ನೆರಳು ಉದ್ದವಾಗಿ ನಮ್ಮ ಕಡೆಗೇ ಬರುವಂತೆ ಕಾಣುತ್ತಿತ್ತು. ಇಂದು ವಿದ್ವಾಂಸರು ಅವು ಮೂರು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಗಳೆಂದೂ, ಆ ಕಾಲದ ಜನ ಸೂರ್ಯನ ನಡೆಯನ್ನು ಗುರುತಿಸಲು ಅವನ್ನು ಬಳಸಿರಬಹುದೆಂದೂ ಹೇಳುತ್ತಾರೆ. ಒಂದು ಕಲ್ಲಿನ ಮೇಲೆ ಸಪ್ತರ್ಷಿ ಮಂಡಲವನ್ನು ಹೋಲುವ ಕುಳಿಗಳಿವೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಈ ಜಾಗದ ಹೆಸರು ಸೇರಿತು. ನಾವು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ದಾಟಿದ ಜಾಗ ಈಗ ಜಗತ್ತಿಗೆ ಹೆಮ್ಮೆಯ ವಸ್ತು!

ಮಕ್ಕಳು ಮಾತ್ರ ಹೆದರುತ್ತಾರೆ, ದೊಡ್ಡವರು ಹೆದರುವುದಿಲ್ಲ ಎಂಬ ನಮ್ಮ ನಂಬಿಕೆ ಸುಳ್ಳಾದದ್ದು 1979ರಲ್ಲಿ. ಅಮೆರಿಕದವರು 1973ರಲ್ಲಿ ಮೇಲಕ್ಕೆ ಕಳಿಸಿದ್ದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಕೆಳಗೆ ಬೀಳಲಿದೆ, ಎಲ್ಲಿ ಬೀಳುವುದೋ ಹೇಳಲಾಗದು ಎಂದು ರೇಡಿಯೋದಲ್ಲಿ ಸುದ್ದಿ ಬಂತು. ಸುಮಾರು 77 ಟನ್ ತೂಕ. ನಮ್ಮ ಊರಿನವರ ಪ್ರಕಾರ ಅದು ಬೀಳುವುದು ನಮ್ಮ ಓಣಿಯ ಮೇಲೆಯೇ! ಹೇಗೂ ಸಾಯುತ್ತೇವಲ್ಲ ಎಂದು ಕೋಳಿ ಕೊಯ್ದು ಉಂಡವರಿದ್ದರು. ಕೊಟ್ಟ ಸಾಲ ವಸೂಲಿ ಮಾಡಲು ಓಡಿದವರಿದ್ದರು, ತೆಗೆದುಕೊಂಡ ಸಾಲಕ್ಕೆ ಇನ್ನು ಕೇಳುವವರಿಲ್ಲ ಎಂದು ಕಾಲು ಚಾಚಿದವರೂ ಇದ್ದರು. ಕೊನೆಗೆ ಜುಲೈ 11ರಂದು ಅದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚೂರುಚೂರಾಗಿ ಬಿತ್ತು. 2021ರಲ್ಲಿ ಇದೇ ಕಥೆಯ ಮೇಲೆ ‘ಸ್ಕೈಲ್ಯಾಬ್’ ಎಂಬ ತೆಲುಗು ಸಿನಿಮಾ ಬಂದಾಗ ನಮ್ಮ ಓರಗೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆದರೆ ಆ ರಾತ್ರಿ ಯಾರೂ ನಕ್ಕಿರಲಿಲ್ಲ.

ಅದಾಗಿ ಏಳು ತಿಂಗಳಿಗೆ, 1980ರ ಫೆಬ್ರುವರಿ 16ರಂದು, ಸಂಪೂರ್ಣ ಸೂರ್ಯಗ್ರಹಣ. ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲಿಂದ ಬಂದ ನೆರಳು ನಮ್ಮನ್ನೂ ಹಾದುಹೋಯಿತು. ಮಧ್ಯಾಹ್ನ ಮೂರೂವರೆಯ ಮೇಲೆ ಹಗಲು ಇದ್ದಕ್ಕಿದ್ದಂತೆ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು, ನಾಯಿಗಳು ಊಳಿಟ್ಟವು. ಅದೇ ಹೊತ್ತಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯದಲ್ಲಿ ವಿಜ್ಞಾನಿಗಳು ಸಂತೋಷದಿಂದ ದುರ್ಬೀನು ಹಿಡಿದು ನಿಂತಿದ್ದರಂತೆ. ನಾವು ಮಾತ್ರ ಕಿಟಕಿ ಬಾಗಿಲು ಮುಚ್ಚಿ, ಕಂಬಳಿಯೊಳಗೆ ನಾಲ್ಕು ಮಕ್ಕಳು ಒಟ್ಟಿಗೆ ಮುದುಡಿದ್ದೆವು.

ಈ ಎರಡೂ ಸಲ ಅವ್ವ ನಮಗೆ ಏನು ಮಾಡಿದಳು ಎಂದು ಈಗ ನೆನೆಯುತ್ತೇವೆ. ಅವ್ವ ಶಾಲೆ ಕಲಿತವಳಲ್ಲ. ಸ್ಕೈಲ್ಯಾಬಿನ ತೂಕವಾಗಲಿ, ಚಂದ್ರ ಸೂರ್ಯನಿಗೆ ಅಡ್ಡ ಬರುವ ಲೆಕ್ಕವಾಗಲಿ ಅವಳಿಗೆ ಗೊತ್ತಿರಲಿಲ್ಲ. ಅವಳಿಗೂ ಹೆದರಿಕೆ ಇದ್ದೇ ಇತ್ತು. ಹೆಗಲ ಮೇಲಿನ ಅವಳ ಕೈ ತಣ್ಣಗಿದ್ದುದು ನಮಗೆ ನೆನಪಿದೆ. ಆದರೂ ಅವಳು ಅಂದದ್ದು ಒಂದೇ ಮಾತು: ‘ಅಂಜಬ್ಯಾಡ್ರಿ, ನಾ ಇಲ್ಲೇ ಅದೀನಿ.’ ಅಷ್ಟು ಸಾಕಾಯಿತು. ಸ್ಕೈಲ್ಯಾಬ್ ಬೀಳುವುದಿದ್ದರೆ ಬೀಳಲಿ, ಅವ್ವ ಇದ್ದಾಳಲ್ಲ ಎಂದು ನಾವು ನಿದ್ದೆ ಹೋದೆವು. ಮಗುವಿನ ಭಯಕ್ಕೆ ಬೇಕಾದದ್ದು ವಿವರಣೆಯಲ್ಲ, ಜೊತೆ. ವಿವರಣೆ ಬೆಳಗ್ಗೆ ಕೊಟ್ಟರೂ ನಡೆಯುತ್ತದೆ. ಜೊತೆ ಮಾತ್ರ ಆ ಕ್ಷಣಕ್ಕೇ ಬೇಕು.

ಇನ್ನೊಂದು ಭಯ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1990ರ ದಶಕದಲ್ಲಿ ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಮುಗಿಯಿತು ಎಂಬ ಪುಕಾರು ಕರ್ನಾಟಕದ ಊರೂರಿಗೂ ಹಬ್ಬಿತ್ತು. ಅದಕ್ಕೆ ಪರಿಹಾರವೆಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ! ತೆಲುಗು ನಾಡಿನಲ್ಲಿಯೂ ಇದೇ ಪುಕಾರು, ಅಲ್ಲಿನ ಬಾಗಿಲುಗಳ ಮೇಲೆ ‘ಓ ಸ್ತ್ರೀ ರೇಪು ರಾ’. ಗಡಿಯಲ್ಲಿರುವ ನಮ್ಮ ಓಣಿಯಲ್ಲಿ ಒಂದು ಮನೆಗೆ ಕನ್ನಡ, ಪಕ್ಕದ ಮನೆಗೆ ತೆಲುಗು, ಇನ್ನು ಕೆಲವರು ಯಾವುದಕ್ಕೂ ಇರಲಿ ಎಂದು ಎರಡನ್ನೂ ಬರೆದಿದ್ದರು. ದೆವ್ವಕ್ಕೆ ಎಷ್ಟು ಭಾಷೆ ಬರುತ್ತದೆಯೋ ಯಾರು ಬಲ್ಲರು?

ಆಗ ಅದು ತಮಾಷೆಯಾಗಿತ್ತು. ಇಂದು ‘ನಾಳೆ ಬಾ’ ಎಂಬ ಆ ಎರಡು ಪದಗಳು ನಮಗೆ ಬೇರೆಯೇ ಅರ್ಥದಲ್ಲಿ ನೆನಪಾಗುತ್ತಿವೆ. ಯಾಕೆಂದರೆ ಈಗ ನಮ್ಮ ಮನೆಯಲ್ಲಿ ಹೆದರುತ್ತಿರುವವಳು ಅವ್ವ.

ಅವ್ವನಿಗೆ ಎಂಬತ್ತು ದಾಟಿದೆ. ಬೆಳಗ್ಗೆ ಚೆನ್ನಾಗಿಯೇ ಇರುತ್ತಾಳೆ. ರೊಟ್ಟಿ ದಪ್ಪಗಾಯಿತೆಂದು ಸೊಸೆಯನ್ನು ಅಂದು, ಪುಂಡಿಪಲ್ಯ ಚೆನ್ನಾಗಿದೆಯೆಂದು ಅದನ್ನು ಸರಿಮಾಡಿಕೊಳ್ಳುತ್ತಾಳೆ. ಹೊತ್ತು ಮುಳುಗುತ್ತಲೇ ಅವಳ ಮುಖ ಬದಲಾಗುತ್ತದೆ. ‘ಬಾಗಲಾ ಹಾಕ್ರಿ, ಅವ್ರು ಬರ್ತಾರ’ ಎನ್ನುತ್ತಾಳೆ. ಯಾರು ಬರ್ತಾರವ್ವಾ ಎಂದರೆ ದನಿ ತಗ್ಗಿಸಿ, ‘ಕುದ್ರಿ ಮ್ಯಾಲ ಬರ್ತಾರ, ದೀಪ ಆರಸು’ ಎನ್ನುತ್ತಾಳೆ. ಮೊದಮೊದಲು ಮನೆಯವರಿಗೆ ಇದು ಅರ್ಥವಾಗಲಿಲ್ಲ. ಈಗಿನ ಕಾಲದಲ್ಲಿ ಕುದುರೆ ಎಲ್ಲಿಂದ ಬರಬೇಕು? ಅರಳು ಮರಳು ಎಂದುಕೊಂಡವರೇ ಹೆಚ್ಚು.

ಅವ್ವನ ತವರು ಗದ್ವಾಲ್. 1948ರಲ್ಲಿ, ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ ಎದ್ದ ದಿನಗಳಲ್ಲಿ, ಅವಳಿಗೆ ಆರು ವರ್ಷ. ಯಾರೋ ಬರುತ್ತಾರೆಂಬ ಸುದ್ದಿ ಕೇಳಿದ ರಾತ್ರಿಗಳಲ್ಲಿ ಮನೆಯ ಹೆಂಗಸರು ದೀಪ ಆರಿಸಿ, ಮಕ್ಕಳನ್ನು ಜೋಳದ ಚೀಲಗಳ ಹಿಂದೆ ಕೂರಿಸಿ, ಬಾಯಿಗೆ ಕೈ ಅಡ್ಡ ಇಟ್ಟು ಬೆಳಗು ಮಾಡುತ್ತಿದ್ದರಂತೆ. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರ ಆ ಭಯ ಮುಗಿಯಿತು. ಅವ್ವ ಬೆಳೆದಳು, ಮದುವೆಯಾಗಿ ಮಕ್ತಲ್‌ಗೆ ಬಂದಳು, ಮಕ್ಕಳನ್ನು ಹೆತ್ತಳು, ನಮ್ಮ ಭಯಗಳನ್ನೆಲ್ಲ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. ತನ್ನದನ್ನು ಯಾರಿಗೂ ಹೇಳಲಿಲ್ಲ. ಎಪ್ಪತ್ತೈದು ವರ್ಷಗಳ ಮೇಲೆ, ನಡುವಿನ ನೆನಪುಗಳೆಲ್ಲ ಒಂದೊಂದಾಗಿ ಕಳಚಿದಾಗ, ಜೋಳದ ಚೀಲಗಳ ಹಿಂದಿನ ಆ ಆರು ವರ್ಷದ ಹುಡುಗಿ ಮತ್ತೆ ಹೊರಗೆ ಬಂದಿದ್ದಾಳೆ. ಅದು ಹುಚ್ಚು ಮಾತಲ್ಲ. ಅವಳಿಗೆ ನಿಜವಾಗಿ ನಡೆದದ್ದು.

ವೈದ್ಯರ ಬಳಿ ಕರೆದೊಯ್ದಾಗ ಅವರು ನೆನಪಿನ ಪರೀಕ್ಷೆ ಮಾಡಿದರು. ಇದು ಯಾವ ವರ್ಷ, ಯಾವ ತಿಂಗಳು, ಇದು ಯಾವ ಊರು ಎಂದು ಒಂದೊಂದಾಗಿ ಕೇಳುತ್ತಾರೆ. ನಿಮ್ಮ ಜಿಲ್ಲೆ ಯಾವುದಮ್ಮಾ ಎಂದರು. ‘ರಾಯಚೂರು ಜಿಲ್ಲಾ, ಗದ್ವಾಲ್ ತಾಲೂಕು’ ಎಂದು ಅವ್ವ ಥಟ್ಟನೆ ಹೇಳಿದಳು. ಅವರು ತಪ್ಪೆಂದು ಗುರುತು ಹಾಕಲು ಹೊರಟಾಗ ನಾವು ವಿವರಿಸಬೇಕಾಯಿತು. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಆ ವರ್ಷದ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಬಂದವು. 2014ರ ಜೂನ್ 2ರಂದು ರಾಜ್ಯದ ಹೆಸರು ತೆಲಂಗಾಣವಾಯಿತು. 2016ರಲ್ಲಿ ಗದ್ವಾಲ್ ತಾನೇ ಒಂದು ಜಿಲ್ಲೆಯಾಗಿ ಜೋಗುಳಾಂಬ ಗದ್ವಾಲ್ ಎನಿಸಿಕೊಂಡಿತು. 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯಾದಾಗ ಮಕ್ತಲ್ ಅದಕ್ಕೆ ಸೇರಿತು. ಊರು ಅಲ್ಲಿಯೇ, ಹೊಳೆ ಅಲ್ಲಿಯೇ, ಮನೆಯ ಕಟ್ಟೆಯೂ ಅಲ್ಲಿಯೇ. ವಿಳಾಸ ಮಾತ್ರ ಇಷ್ಟು ಸಲ ಬದಲಾಯಿತು. ಇಷ್ಟೊಂದು ವಿಳಾಸಗಳಲ್ಲಿ ಮೊದಲನೆಯದನ್ನೇ ಹಿಡಿದುಕೊಂಡರೆ ಅದು ಮರೆವೋ, ನೆನಪೋ? ವೈದ್ಯರು ನಕ್ಕು, ಆ ಉತ್ತರಕ್ಕೆ ಅರ್ಧ ಅಂಕವಾದರೂ ಕೊಡಬೇಕು ಎಂದರು.

ಅವರು ಹೇಳಿದ ಒಂದು ಮಾತು ನಮ್ಮ ಕಣ್ಣು ತೆರೆಸಿತು. ಮರೆವಿನ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಉಳಿಯುತ್ತದೆ. ಭಾಷೆಯ ವಿಷಯದಲ್ಲೂ ಹಲವರಿಗೆ ಹೀಗೆಯೇ. ಆಮೇಲೆ ಕಲಿತದ್ದು ಹಿಂದೆ ಸರಿದು, ತಾಯಿನುಡಿ ಉಳಿಯುತ್ತದೆ. ಹಲವು ಭಾಷೆ ಬಲ್ಲವರಿಗೆ ಒಂದು ಲಾಭವೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಮೂರು ಭಾಷೆಗಳ ನಡುವೆ ಬಾಳಿದ ಗಡಿನಾಡಿನವರಿಗೆ ಇದು ಸಮಾಧಾನದ ಸಂಗತಿ. ಆದರೆ ತಡವಾಗಿ ಬಂದರೂ ಬಂದ ಮೇಲೆ ಏನು?

ಅವ್ವನಿಗೆ ತೆಲುಗು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಈಗ ಸಂಜೆಯಾದರೆ ಅವಳ ಬಾಯಲ್ಲಿ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ. ಮನೆಯ ಮಕ್ಕಳೋ ಓದುವುದು ಇಂಗ್ಲಿಷು, ಆಡುವುದು ತೆಲುಗು. ಗಡಿಯ ಕೆಲವು ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಇನ್ನೂ ಇವೆಯಾದರೂ, ಮುಂದಿನ ಓದು, ನೌಕರಿ ಎಂದು ಯೋಚಿಸುವ ತಂದೆತಾಯಿಗಳನ್ನು ನಾವು ದೂರಲಾರೆವು. ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಒಂದೇ ಸೂರಿನಡಿ ಅಜ್ಜಿ ಒಂದು ಭಾಷೆಯಲ್ಲಿ ಹೆದರಿ, ಮೊಮ್ಮಕ್ಕಳು ಇನ್ನೊಂದು ಭಾಷೆಯಲ್ಲಿ ಸಮಾಧಾನ ಹೇಳಿದರೆ, ಆ ಮಾತು ಅವಳನ್ನು ಮುಟ್ಟುವುದು ಹೇಗೆ?

ಹೈದರಾಬಾದಿನಲ್ಲಿ ಓದುವ ನಮ್ಮ ತಮ್ಮನ ಮಗಳು ಹೋದ ಬೇಸಿಗೆ ರಜೆಗೆ ಬಂದಿದ್ದಳು. ಹನ್ನೆರಡು ವರ್ಷದ ಹುಡುಗಿ. ಅಜ್ಜಿಯನ್ನು ತೆಲುಗಿನವರಂತೆ ‘ನಾನಮ್ಮ’ ಎಂದೇ ಕರೆಯುವುದು. ಮೊದಲ ಸಂಜೆ ಅಜ್ಜಿ ನಡುಗುವುದನ್ನು ಕಂಡು ಅವಳು ಕೈ ಹಿಡಿದು, ‘ಭಯಪಡಕು ನಾನಮ್ಮಾ’ ಎಂದಳು. ಅವ್ವ ಯಾರೋ ಹೊರಗಿನವರನ್ನು ನೋಡುವಂತೆ ಅವಳನ್ನು ನೋಡಿ ಕೈ ಬಿಡಿಸಿಕೊಂಡಳು. ಹುಡುಗಿ ಅತ್ತಳು. ಆಮೇಲೆ ನಮ್ಮ ಬಳಿ ಬಂದು, ಇದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂದು ಕೇಳಿದಳು. ಹೇಳಿಕೊಟ್ಟೆವು. ಅಂಗೈ ಮೇಲೆ ತೆಲುಗು ಅಕ್ಷರದಲ್ಲಿ ಬರೆದುಕೊಂಡು ದಿನವೆಲ್ಲ ಬಾಯಿಪಾಠ ಮಾಡಿದಳು. ಮರುದಿನ ಹೊತ್ತು ಮುಳುಗಿದಾಗ ಅಜ್ಜಿಯ ಪಕ್ಕದಲ್ಲಿ ಕೂತು, ‘ಅಂಜಬ್ಯಾಡ ನಾನಮ್ಮಾ, ನಾ ಇಲ್ಲೇ ಅದೀನಿ’ ಎಂದಳು. ಉಚ್ಚಾರಣೆ ಅಷ್ಟಕ್ಕಷ್ಟೇ. ಆದರೆ ಅವ್ವ ಅವಳ ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಅವ್ರು ಹೋದ್ರೇನು?’ ಎಂದು ಕೇಳಿದಳು. ‘ಹೋದ್ರು’ ಎಂದೆವು. ಆ ರಾತ್ರಿ ಅವಳು ಎರಡು ತುತ್ತು ಹೆಚ್ಚು ಉಂಡಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಿರಿಯರ ಭಯವೆಲ್ಲ ಹಳೆಯ ನೆನಪೇ ಎಂದು ಕೈಕಟ್ಟಿ ಕೂರಬಾರದು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ ಹೆದರುವವರೆಲ್ಲರಿಗೂ ಅದೇ ಕಾಯಿಲೆ ಇರಬೇಕೆಂದಿಲ್ಲ. ಕಣ್ಣಿಗೆ ಪೊರೆ ಬಂದವರಿಗೆ ಮಬ್ಬುಬೆಳಕಿನಲ್ಲಿ ಗೋಡೆಗೆ ತೂಗುಹಾಕಿದ ಅಂಗಿಯೂ ಮನುಷ್ಯನಂತೆ ಕಾಣಬಹುದು. ದೃಷ್ಟಿ ತೀರಾ ಕುಂದಿದ ಕೆಲವರಿಗೆ ಬುದ್ಧಿ ಸ್ವಸ್ಥವಾಗಿದ್ದರೂ ಇಲ್ಲದ ಆಕೃತಿಗಳು ಕಾಣುವುದುಂಟು. ಕಿವಿ ಕೇಳದವರಿಗೆ ಮನೆಯವರು ಮೆಲ್ಲಗೆ ಆಡುವ ಮಾತೆಲ್ಲ ತಮ್ಮ ಮೇಲಿನ ದೂರೆನಿಸುತ್ತದೆ. ಹಿರಿಯರು ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ ಮೂತ್ರದ ಸೋಂಕು, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸದಾಗಿ ಕೊಟ್ಟ ಮಾತ್ರೆ, ಇವು ಯಾವುದೂ ಕಾರಣವಾಗಿರಬಹುದು. ಅದಕ್ಕೆ ಬೇಕಾದದ್ದು ತಡಮಾಡದ ಚಿಕಿತ್ಸೆ, ತಾಯಿತವಲ್ಲ.

ಮನೆಯಲ್ಲಿಯೇ ಮಾಡಬಹುದಾದದ್ದೂ ಬಹಳವಿದೆ. ಸೂರ್ಯ ಮುಳುಗುವ ಮೊದಲೇ ದೀಪ ಹಚ್ಚಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ಬಲ್ಬು ಉರಿಯಲಿ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ‘ಅಲ್ಲಿ ಯಾರೂ ಇಲ್ಲ, ಸುಮ್ಮನಿರು’ ಎಂದು ವಾದಿಸಬೇಡಿ. ವಾದದಲ್ಲಿ ಗೆದ್ದರೆ ಏನು ಬಂತು? ಕೈ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಪರಿಚಯದ ವಸ್ತುವೊಂದು ಕೈಯಲ್ಲಿದ್ದರೂ ಮನಸ್ಸು ನೆಲೆಗೆ ಬರುತ್ತದೆ. ಅವ್ವನ ಮದುವೆಯ ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಆ ಗೆರೆಯನ್ನು ಬೆರಳಿನಿಂದ ಸವರುತ್ತಾ ಅವಳು ಎಷ್ಟೋ ಹೊತ್ತು ಶಾಂತಳಾಗಿರುತ್ತಾಳೆ.

ಎಲ್ಲ ಮನೆಗಳಲ್ಲೂ ಹೀಗೆ ಪಕ್ಕದಲ್ಲಿ ಕೂರುವವರು ಇರುವುದಿಲ್ಲ ಎಂಬುದು ನಮಗೆ ಗೊತ್ತು. ಪಾಲಮೂರು ಎಂದು ಹೆಸರಾದ ಈ ಸೀಮೆಯಿಂದ ದುಡಿಯುವ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ತಲೆಮಾರುಗಳ ಕಥೆ. ಊರಲ್ಲಿ ಉಳಿಯುವವರು ಮುದುಕರು. ಫೋನಿನಲ್ಲಿ ಮಗ ‘ನಾಳೆ ಮಾತಾಡ್ತೀನಿ’ ಎನ್ನುತ್ತಾನೆ, ಮಗಳು ‘ಮುಂದಿನ ಹಬ್ಬಕ್ಕೆ ಬರ್ತೀನಿ’ ಎನ್ನುತ್ತಾಳೆ. ಅವರು ಕೆಟ್ಟವರಲ್ಲ, ಆ ಮಾತು ಆಡುವಾಗ ಅವರಿಗೂ ಸಂಕಟವಿರುತ್ತದೆ. ಆದರೆ ಕೇಳಿಸಿಕೊಳ್ಳುವ ಕಿವಿಗೆ ಅದು ಬಾಗಿಲ ಮೇಲಿನ ‘ನಾಳೆ ಬಾ’ ಎಂಬ ಬರಹದಂತೆಯೇ. ಮರುದಿನ ಓದಿದರೂ ಅದೇ ಇರುತ್ತದೆ. ದೆವ್ವವಾದರೂ ಪ್ರತಿ ರಾತ್ರಿ ತಿರುಗಿ ಬರುತ್ತಿತ್ತಂತೆ. ಎಂಬತ್ತು ದಾಟಿದವರಿಗೆ ಎಷ್ಟು ನಾಳೆಗಳಿರುತ್ತವೆ?

ದೂರದಲ್ಲಿರುವವರು ದಿನವೂ ಹೊತ್ತು ಮುಳುಗುವ ಸಮಯಕ್ಕೆ ಐದು ನಿಮಿಷ ಫೋನ್ ಮಾಡಬಹುದು. ಹಿರಿಯರ ಕುಶಲವನ್ನು ಅವರ ಮಾತಿನಲ್ಲಿಯೇ ಕೇಳಬಹುದು. ನೆರೆಯವರು ಒಂದು ಲೋಟ ಚಹಾದ ನೆಪದಲ್ಲಿ ಸಂಜೆ ಹೋಗಿ ಕೂರಬಹುದು. ನೋಡಿಕೊಳ್ಳುವವರೇ ಇಲ್ಲದ, ಅಥವಾ ಕಿರುಕುಳಕ್ಕೆ ಸಿಕ್ಕಿದ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಮಕ್ಕಳಿಂದ ಪೋಷಣೆ ಪಡೆಯುವ ಹಕ್ಕನ್ನು 2007ರ ಕಾಯಿದೆ ಕೊಟ್ಟಿದೆ. ಆದರೆ ಪಕ್ಕದಲ್ಲಿ ಕೂತು ಕೈ ಹಿಡಿಯಬೇಕೆಂದು ಯಾವ ಕಾಯಿದೆಯೂ ಹೇಳಲಾರದು. ಅದನ್ನು ನಾವೇ ಮಾಡಬೇಕು.

ನಮಗೂ ಐವತ್ತು ದಾಟಿ ವರ್ಷಗಳಾದವು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಕಾಲ ಬಂದಿದೆ. ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಾಗ ಎದೆಯಲ್ಲಿ ಒಂದು ಸಣ್ಣ ಚಳುಕು ಏಳುತ್ತದೆ. ಮುಂದೊಂದು ದಿನ ನಮ್ಮ ಸಂಜೆಗಳಲ್ಲಿ ಏನು ಎದ್ದು ಬರಬಹುದು? ಸ್ಕೈಲ್ಯಾಬೋ, ಹಗಲು ಕತ್ತಲಾದ ಆ ಗ್ರಹಣವೋ, ಮುದುಮಾಲ್‌ನ ಕಲ್ಲುಗಳ ನೆರಳೋ? ಏನಾದರೂ ಬರಲಿ. ‘ಯಾವ ಸ್ಕೈಲ್ಯಾಬು, ಅದು ಬಿದ್ದು ಎಷ್ಟು ಕಾಲವಾಯ್ತು’ ಎಂದು ಆಗ ಯಾರೂ ಲೆಕ್ಕ ಹೇಳುವುದು ಬೇಡ.

ಪ್ರಿಯ ಓದುಗರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ: ‘ಚಿಕ್ಕವರಿದ್ದಾಗ ನೀವು ಯಾವುದಕ್ಕೆ ಅಂಜುತ್ತಿದ್ದಿರಿ?’ ಅವರಿಗೆ ನೆನಪು ಚೆನ್ನಾಗಿರುವಾಗಲೇ ಕೇಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗುಮ್ಮನ ಕಥೆಯಿಂದ ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಯೋ ನೋಡಿ. ಮುಂದೆಂದೋ ಒಂದು ಸಂಜೆ ಅವರು ಅರ್ಥವಾಗದ ಮಾತೊಂದನ್ನು ಆಡಿದಾಗ, ಆ ಕಥೆಯೇ ನಿಮಗೆ ಬೀಗದ ಕೈಯಾಗುತ್ತದೆ. ಆಗ ಏನು ಹೇಳಬೇಕೆಂದು ಮಕ್ಕಳಿಗೂ ತಿಳಿದಿರುತ್ತದೆ, ಮತ್ತು ಅದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬುದೂ ತಿಳಿದಿರುತ್ತದೆ. ಇದಕ್ಕೆ ಒಳ್ಳೆಯ ದಿನ ನೋಡುವುದು ಬೇಡ, ನಾಳೆಗೂ ಇಡುವುದು ಬೇಡ. ಈ ಸಂಜೆಯೇ ಆಗಲಿ.